ಊದುವ ಪರೀಕ್ಷೆ

ಅಪ್ಪಾ,

ಬ್ಯಾಡಗಿಯ ಕೋಲ್ಡ್ ಸ್ಟೋರೇಜಿನಲ್ಲಿ ಇಂದು ವರ್ಷದ ಪರೀಕ್ಷೆ ಆಯಿತು. ಅಮೋನಿಯಾ ಮಷೀನು ನೋಡಿಕೊಳ್ಳುವ ನಾವೆಲ್ಲ ಡಾಕ್ಟರ ಕೊಳವೆಗೆ ಜೋರಾಗಿ ಊದಬೇಕು. ಉಸಿರು ಕಡಿಮೆ ಬಂದವನಿಗೆ ಔಷಧ ಕೊಡುವುದಿಲ್ಲ, ಮನೆಗೆ ಕಳಿಸುತ್ತಾರೆ. ಅದಕ್ಕೇ ನೀನು ಸತ್ತ ಮೇಲೆ ಉಳಿದಿದ್ದ ನಿನ್ನ ದಮ್ಮಿನ ಪಂಪನ್ನು ಸಂಡಾಸಿನಲ್ಲಿ ನಿಂತು ಎಳೆದುಕೊಂಡೆ. ಸ್ವಲ್ಪ ಹೊತ್ತು ಎದೆ ತೆರೆದುಕೊಳ್ಳುತ್ತದೆ.

ನಮ್ಮ ಮಷೀನಿನ ದುರುಗೇಶ ಹಿಂದೆಯೇ ಬಂದ. "ಲೇ ವೀರಾ, ನನಗೂ ಒಂದ್ ಸರ್ತಿ ಕೊಡಪಾ."

"ಖಾಲಿ ಆಗೇತಿ" ಅಂದೆ. ಕಿಸೆಗೆ ಹಾಕುವಾಗ ಒಳಗೆ ಔಷಧ ಅಲುಗಿದ್ದು ಇಬ್ಬರಿಗೂ ಕೇಳಿಸಿತು.

"ಭೇಷ್, ಎದಿ ಗಟ್ಟಿ ಐತ್ರಿ" ಎಂದು ಡಾಕ್ಟರು ನನ್ನನ್ನು ಹೊಗಳಿದರು. ದುರುಗೇಶ ಅರ್ಧ ಊದಿ ಕೆಮ್ಮುತ್ತ ಕುಳಿತುಬಿಟ್ಟ. ಮ್ಯಾನೇಜರ್ ನಕ್ಕ. "ಜಾತ್ರ್ಯಾಗ ಪುಗ್ಗಾ ಊದಿ ಮಾರಾಕೂ ಆಗೂದಿಲ್ಲಲೋ ನಿನಗ. ನಾಳಿಂದ ಬರಬ್ಯಾಡ."

ಗೇಟಿನಲ್ಲಿ ದುರುಗೇಶ ನನ್ನನ್ನು ಬೈಯಲಿಲ್ಲ. "ಆವತ್ತ ಗ್ಯಾಸ್ ಸೋರಿದಾಗ ನಿಮ್ಮಪ್ಪನ್ನ ನಾನs ಹೊತಗೊಂಡ್ ಹೊರಗ ಬಂದ್ನೆಲ್ಲ, ಭಾಳ ಭಾರ ಇದ್ದನೋ ಮುದುಕ" ಅಂದು ಗುತ್ತಲದ ಬಸ್ಸು ಹತ್ತಿದ.

ಅವನ ಪಾಳಿಯನ್ನೂ ನನಗೇ ಕೊಟ್ಟರು. ಆಗಲಿ ಅಂದೆ.