ಎಂಜಿನ್ ಬಿಚ್ಚಬೇಕಾಗಿರಲಿಲ್ಲ

ಮಾರ್ಚ್ ೧೪, ಭಾನುವಾರ

ಪ್ರೀತಿಯ ಪುಟ್ಟೀ,

ನಿನ್ನ ಕಾಗದ ಬಂದು ಮೂರು ತಿಂಗಳಾಯಿತು. ಕೆಲಸದ ನೆಪ ಹೇಳುವುದಿಲ್ಲ. ಈ ತಿಂಗಳು ಬೋಟು ಒಂಬತ್ತು ದಿನ ದಡದಲ್ಲೇ ಬಿದ್ದಿತ್ತು, ಬರೆಯಲು ಬೇಕಾದಷ್ಟು ಬಿಡುವಿತ್ತು. ಬರೆಯಲಿಲ್ಲ. ಅಮ್ಮನ ಮಂಡಿನೋವು ಹಾಗೇ ಇದೆ. ಅಪ್ಪ ಆರಾಮಾಗಿದ್ದಾರೆ. ಟಿಕೆಟ್ ಕೌಂಟರಿನ ಕೆಲಸ ನಿನಗೆ ಒಗ್ಗಿತೇ? ದಿನವಿಡೀ ಬೇರೆಯವರ ಬೋಟಿಗೆ ಚೀಟಿ ಹರಿದುಕೊಡುವುದು ನಿನ್ನಂಥವಳಿಗೆ ಕಷ್ಟವೇ.

ಅಮ್ಮನಿಂದ ಹೊಗೆಯ ಸುದ್ದಿ ತಿಳಿದು ನೀನು ಕೇಳಿದ್ದು ಒಂದೇ ಪ್ರಶ್ನೆ: ಎಂಜಿನ್ ಬಿಚ್ಚಿದಿರಾ, ಒಳಗೆ ಏನು ಸಿಕ್ಕಿತು? ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ನವೆಂಬರಿನಲ್ಲಿ ಬಂದರು ಕಚೇರಿಯವರು ನಮ್ಮ ಬೋಟು ಜನರನ್ನು ಹೊತ್ತು ಆಚೆ ದಡ ಮುಟ್ಟುವ ಸಮಯವನ್ನು ಅರ್ಧ ಗಂಟೆಯಿಂದ ಇಪ್ಪತ್ತು ನಿಮಿಷಕ್ಕೆ ಇಳಿಸಿದರು. ವೇಗ ಹೆಚ್ಚಿಸಿದ್ದೇ ತಡ, ಅದೇ ಕರಿಹೊಗೆ ಮತ್ತೆ ಶುರುವಾಯಿತು. ಎರಡು ವರ್ಷದ ಹಿಂದೆ ನಿನ್ನ ಕೈಯಿಂದ ಚುಕ್ಕಾಣಿ ಕಿತ್ತು ನನಗೆ ಕೊಟ್ಟದ್ದು ಆ ಹೊಗೆಗೇ ಅಲ್ಲವೇ? ಅಪ್ಪ, "ಅವಳು ಅವತ್ತು ಎಂಜಿನ್ ಸುಟ್ಟಿದ್ದು ಈಗ ಹೊರಗೆ ಬರ್ತಿದೆ. ಪೂರ್ತಿ ಬಿಚ್ಚಿ ಕಟ್ಟಿಸೋದೇ" ಎಂದರು. ನಾನು ಹೂಂಗುಟ್ಟಿದೆ. ಹಟ ಹಿಡಿದವಳು ಅಮ್ಮ. "ಎಲ್ಲಾ ನನ್ನ ಮಗಳ ತಲೆಗೆ ಕಟ್ಟೋದು ಬಿಟ್ಟು ಇನ್ನೊಬ್ಬರಿಗೆ ತೋರಿಸ್ರಿ" ಎಂದು, ಮೂವತ್ತು ವರ್ಷ ಹಡಗಿನಲ್ಲಿ ಫಿಟ್ಟರಾಗಿದ್ದ ಕೆಮ್ಮಜ್ಜನನ್ನು ಈ ತಿಂಗಳ ಮೊದಲಿಗೆ ತಾನೇ ಹೋಗಿ ಕರೆತಂದಳು.

ಅಪ್ಪ ಕೇಳಿದ ಮೊದಲ ಮಾತೇ, "ಬಿಚ್ಚೋದು ಯಾವಾಗ?"

"ಯಾಕ್ರೀ, ನೆಗಡಿ ಬಂತು ಅಂತ ಮೂಗು ಕೊಯ್ಕೊಳ್ತೀರಾ?" ಎಂದರು ಅಜ್ಜ.

ಎಂಜಿನ್ ಬಿಸಿ ಮಾಡಿ ನಾಲ್ಕು ಸಿಲಿಂಡರುಗಳ ಒತ್ತಡ ಅಳೆದರು. ನಾಲ್ಕೂ ಹೆಚ್ಚುಕಡಿಮೆ ಒಂದೇ. ಎಣ್ಣೆಯಲ್ಲಿ ನೀರಿಲ್ಲ, ಲೋಹದ ಪುಡಿಯಿಲ್ಲ. ಗೇರ್ ಹಾಕದೆ ಪೂರ್ತಿ ವೇಗ ಕೊಟ್ಟರೆ ಹೊಗೆಯ ಸುಳಿವಿಲ್ಲ; ಗೇರ್ ಹಾಕಿದೊಡನೆ ಕಟ್ಟೆಯ ಮೇಲಿದ್ದವರೆಲ್ಲ ಮೂಗು ಮುಚ್ಚಿಕೊಂಡರು. "ಎಂಜಿನ್ ಗಟ್ಟಿಯಾಗಿದೆ. ಹೊರೆ ಜಾಸ್ತಿಯಾಗಿದೆ. ಬೋಟು ಮೇಲೆಳೀರಿ" ಎಂದರು.

ಮೇಲೆಳೆದು, ನೀರು ತಳ್ಳುವ ತಳದ ಫ್ಯಾನಿನ ನಡುವೆ ಕೆತ್ತಿದ್ದ ಅಳತೆಯನ್ನು ಉಜ್ಜಿ ಓದಿದರು. ಇಪ್ಪತ್ತು ಇಂಚು. ಈ ಎಂಜಿನ್ನಿಗೆ ಹದಿನೇಳೇ ಸರಿ. ನೀನು ಓಡಿಸುತ್ತಿದ್ದಾಗಲೇ ಹಳೆಯದು ಬಾಗಿತ್ತಲ್ಲ, ಆಗ ದೊಡ್ಡದಾದರೆ ವೇಗ ಸಿಗುತ್ತದೆಂದು ಇದನ್ನು ಹಾಕಿಸಿದವನು ನಾನು. "ಎತ್ತಿನ ಮೇಲೆ ಆನೆ ಹೊರೆ ಹೊರಿಸಿ, ಎತ್ತು ಮುದಿಯಾಯ್ತು ಅಂತೀರಲ್ಲಪ್ಪಾ" ಎಂದು ಅಜ್ಜ ನಕ್ಕರು, ನಗು ಕೆಮ್ಮಾಯಿತು. ಬೇರೆ ಯಾರೂ ನಗಲಿಲ್ಲ.

ಹದಿನೇಳು ಇಂಚಿನದನ್ನು ಹಾಕಿ ಶುಕ್ರವಾರ ಓಡಿಸಿದೆವು. ಹದಿನೆಂಟು ನಿಮಿಷಕ್ಕೆ ಆಚೆ ದಡ, ಹೊಗೆಯಿಲ್ಲ. ಅಪ್ಪ ಬೋಟಿನಿಂದಿಳಿದು ಕಟ್ಟೆಯ ಮೇಲೆ ಕೂತು, "ಹುಡುಗಿಗೆ ಸುಮ್ಮಸುಮ್ಮನೆ ಅಂದ್ಬಿಟ್ಟೆ" ಎಂದರು. ಆಮೇಲೆ ನನ್ನ ಬೆನ್ನು ತಟ್ಟಿ, "ನೀನೂ ಗೊತ್ತಿಲ್ದೆ ಮಾಡಿದ್ದು, ಬಿಡು. ಅವಳಿಗೆ ಬರಿ. ಬಂದ್ರೆ ಚುಕ್ಕಾಣಿ ಅವಳದ್ದೇ" ಎಂದರು. ಅಮ್ಮ ಒಳಗಿನಿಂದಲೇ, "ಬರದಿದ್ರೂ ತಪ್ಪು ಅವಳದ್ದಲ್ಲ" ಎಂದಳು.

ಬರುವುದು ಬಿಡುವುದು ನಿನ್ನಿಷ್ಟ. ಎಲ್ಲಿದ್ದರೂ ಯಾರ ಮಾತಿಗೂ ತಲೆ ತಗ್ಗಿಸದ ಹಾಗೆ ಬಾಳು. ನಿನಗೆ ಒಳ್ಳೆಯದಾಗಲಿ.

ನಿನ್ನ
ಅಣ್ಣ

ತಾ. ಕ.: ನಾನು ಗೊತ್ತಿಲ್ಲದೆ ಮಾಡಿದ್ದಲ್ಲ. ಫ್ಯಾನು ಹಾಕಿಸಿದ ಮರುವಾರವೇ ಮೆಕ್ಯಾನಿಕ್, "ಇದು ದೊಡ್ಡದಾಯ್ತು, ಇಳಿಸಿಬಿಡಿ" ಎಂದಿದ್ದ. ಮನೆಗೆ ಬಂದು ಅಪ್ಪನಿಗೆ ನಾನು ಹೇಳಿದ್ದು, "ಓಡಿಸೋರು ಸರಿಯಿಲ್ಲ ಅಂದ" ಎಂದು. ಚುಕ್ಕಾಣಿ ನನ್ನ ಕೈಗೆ ಬಂದ ಮೇಲೆ ಬೇಕೆಂದೇ ನಿಧಾನವಾಗಿ ಓಡಿಸಿ, "ನೋಡಿ, ಹೊಗೆ ನಿಂತಿತು" ಎಂದು ತೋರಿಸಿದೆ. ಜನ ನನ್ನ ಪಾಳಿ ಬಿಟ್ಟು ನಿನ್ನ ಪಾಳಿಗೆ ಕಾದು ನಿಲ್ಲುತ್ತಿದ್ದರು. ನನಗೆ ಅದು ಸಹಿಸಲಾಗಲಿಲ್ಲ. ಮನೆಯಲ್ಲಿ ಇದು ಯಾರಿಗೂ ಗೊತ್ತಿಲ್ಲ. ಅಪ್ಪ ಬೆನ್ನು ತಟ್ಟಿದಾಗಲೂ ಬಾಯಿ ಬಿಡಲಿಲ್ಲ. ಈ ಕಾಗದವನ್ನು ಅವರಿಗೆ ಕಳಿಸಬೇಕೆನಿಸಿದರೆ ಕಳಿಸು.