ಪೆಟ್ಟು ತಿಂದು ಎದ್ದವರು

ಸಾನ್ ಪೆಡ್ರೊ, ಲಾಸ್ ಏಂಜಲೀಸ್
ಭಾನುವಾರ

ನನ್ನ ಹಠಮಾರಿ ವಿಂಕೊ,

ನಿನ್ನನ್ನು ಮಣ್ಣು ಮಾಡಿ ತಿಂಗಳಾಯಿತು, ಸಿಟ್ಟು ಮಾತ್ರ ಇಳಿದಿಲ್ಲ. ಸತ್ತವರ ಮೇಲೆ ಸಿಟ್ಟು ಇಟ್ಟುಕೊಳ್ಳಬಾರದಂತೆ. ಹಾಗೆನ್ನುವವರ ಗಂಡಂದಿರು ಒಡೆದ ತಲೆ ಹೊತ್ತುಕೊಂಡು ಪುಸ್ತಕದ ಚರ್ಚೆಗೆ ಹೋಗಿರಲಿಕ್ಕಿಲ್ಲ.

ನಿನ್ನ ಆ ಶನಿವಾರದ ಕೂಟ ನನಗೆ ಎಂದೂ ಹಿಡಿಸಿದ್ದಲ್ಲ. ಇನೆಜಳ ಹಳೆ ಪುಸ್ತಕದಂಗಡಿಯ ಹಿಂದಿನ ಕೋಣೆ, ಏಳೆಂಟು ಮಂದಿ, ಒಂದು ಬಾಟಲಿ ವಿಸ್ಕಿ, ಒಂದು ಪತ್ತೇದಾರಿ ಕಾದಂಬರಿ. ಒಂದು ತಿಂಗಳು ಹಳೆಯದು, ಇನ್ನೊಂದು ತಿಂಗಳು ಹೊಸದು. ಹಳೆಯದರಲ್ಲಿ ಹೆಂಗಸರು ಸುಳ್ಳು ಹೇಳಿ ಸಾಯುತ್ತಾರೆ, ಹೊಸದರಲ್ಲಿ ಅವರೇ ಪಿಸ್ತೂಲು ಹಿಡಿಯುತ್ತಾರೆ ಎಂದು ನೀನು ಗೊಣಗುತ್ತಿದ್ದೆ. ಎರಡರಲ್ಲೂ ಪತ್ತೇದಾರನ ತಲೆಗೆ ಯಾರೋ ಬಾರಿಸುತ್ತಾರೆ. ಮುಂದಿನ ಅಧ್ಯಾಯದಲ್ಲಿ ಅವನು ಎದ್ದು ಟೋಪಿ ಸರಿಮಾಡಿಕೊಳ್ಳುತ್ತಾನೆ. ಯಾವ ಪುಸ್ತಕ ಎಂದು ಮತ ಹಾಕಿಸುವಾಗ ವೆಂಡೆಲ್ ಮೇಜು ಕುಟ್ಟುತ್ತಿದ್ದದ್ದು ತಾನು ಪೊಲೀಸನಾಗಿದ್ದಾಗಿನ ದೊಣ್ಣೆಯಿಂದ. ಗೇಣುದ್ದದ ಚರ್ಮ, ತುದಿಯಲ್ಲಿ ಸೀಸ. ಮುದುಕರ ಆಟಿಕೆ ಎಂದು ನಾನು ನಗುತ್ತಿದ್ದೆ.

ನಿನ್ನ ಕೊನೆಯ ಶನಿವಾರದ ಮಧ್ಯಾಹ್ನ ಅಂಗಡಿಯ ಹಿಂದಿನ ಓಣಿಯಲ್ಲಿ ಇಬ್ಬರು ನಿನ್ನ ಗಡಿಯಾರಕ್ಕೆ ಕೈಹಾಕಿದರಂತೆ. ಬಂದರಿನಲ್ಲಿ ಸರಕು ಎತ್ತಿದ ಕೈ, ಸುಮ್ಮನೆ ಬಿಡುತ್ತೀಯಾ? ಒಬ್ಬನ ಹಲ್ಲು ಉದುರಿಸಿದೆ. ಇನ್ನೊಬ್ಬ ಕಬ್ಬಿಣದ ಪೈಪು ಬೀಸಿದ, ಅದು ಕಿವಿಯ ಮೇಲೆ ನಿನ್ನ ತಲೆಬುರುಡೆಗೆ ಬಿತ್ತು. ಬಿದ್ದವನು ಎದ್ದು, ರಕ್ತ ಸುರಿಸುತ್ತ ನೆಟ್ಟಗೆ ಕೂಟಕ್ಕೆ ಹೋದೆ.

"ಕೂತ್ಕೋ ವಿಂಕೊ, ಆಂಬುಲೆನ್ಸ್ ಕರೀತೀನಿ" ಅಂದಳಂತೆ ಇನೆಜ್. "ನಮ್ಮ ಪುಸ್ತಕದಲ್ಲಿ ಯಾವನಾದ್ರೂ ಆಸ್ಪತ್ರೆಗೆ ಹೋಗಿದ್ದು ನೋಡಿದ್ದೀಯಾ? ವಿಸ್ಕಿ ಸುರಿ. ಅರ್ಧ ತಲೆಗೆ, ಅರ್ಧ ಗಂಟಲಿಗೆ" ಅಂದೆಯಂತೆ ನೀನು. ಎಲ್ಲರೂ ಚಪ್ಪಾಳೆ ತಟ್ಟಿದರಂತೆ. ಅದೇ ಗತ್ತಿನಲ್ಲಿ ವಾದ ಮಾಡಿ ಮುಂದಿನ ತಿಂಗಳ ಮತದಲ್ಲಿ ನಿನ್ನ ಹಳೆ ಪುಸ್ತಕವನ್ನೇ ಗೆಲ್ಲಿಸಿಕೊಂಡು ಬಂದೆ.

ಮನೆಯಲ್ಲಿ ಟೋಪಿ ತೆಗೆಯಲಿಲ್ಲ. "ತಲೆ ಸ್ವಲ್ಪ ಸಿಡೀತಿದೆ ಡಾನಾ, ಊಟ ಆಮೇಲೆ" ಎಂದು ಸೋಫಾಕ್ಕೆ ಒರಗಿದೆ. ನಾನು ಮೀನಿನ ಸಾರು ಇಳಿಸಿ ಬರುವಷ್ಟರಲ್ಲಿ ನೀನು ಕೈಕಾಲು ಬಡಿದುಕೊಳ್ಳುತ್ತಿದ್ದೆ, ವಾಂತಿ ಕುತ್ತಿಗೆಗೆ ಇಳಿದಿತ್ತು. ನಿನ್ನ ತಲೆಯನ್ನು ಕೈಯಲ್ಲಿ ಹಿಡಿದುಕೊಂಡೆ. ಟೋಪಿಯ ಕೆಳಗೆ ಮೂಳೆ ಇರಬೇಕಾದ ಕಡೆ ನನ್ನ ಬೆರಳು ತಗ್ಗಿಗೆ ಇಳಿಯಿತು. ಆ ಮೆತ್ತನೆಯ ಸ್ಪರ್ಶ ಇನ್ನೂ ಬೆರಳಿನಿಂದ ಹೋಗಿಲ್ಲ.

"ಪೆಟ್ಟು ಬಿದ್ಮೇಲೆ ಸ್ವಲ್ಪ ಹೊತ್ತು ಚೆನ್ನಾಗೇ ಇರ್ತಾರಮ್ಮ. ಮಾತಾಡ್ತಾರೆ, ನಗ್ತಾರೆ. ಒಳಗಡೆ ರಕ್ತ ತುಂಬ್ತಾ ಇರುತ್ತೆ. ಆಗ್ಲೇ ಕರ್ಕೊಂಡು ಬಂದಿದ್ರೆ ಉಳೀತಿದ್ರೇನೋ" ಅಂದ ಡಾಕ್ಟರ್. ಅವನ ಕೊರಳು ಹಿಸುಕಬೇಕೆನಿಸಿತು.

ನಿನ್ನೆ ಕೂಟದವರು ಕರೆದರು. ನಿನ್ನ ಕುರ್ಚಿಯಲ್ಲಿ ಕೂತು, ನೀನು ಗೆಲ್ಲಿಸಿದ ಪುಸ್ತಕದ ಮೊದಲ ಪುಟ ನಾನು ಓದಬೇಕಂತೆ. ಹೋದೆ. ಓದುವುದಕ್ಕಲ್ಲ, ಆ ಕೂಟಕ್ಕೆ ಬಾಗಿಲು ಹಾಕಿಸಿಯೇ ಬರುವುದಕ್ಕೆ. ವೆಂಡೆಲ್ ಗ್ಲಾಸು ಎತ್ತಿದ. "ಗಂಡು ಅಂದ್ರೆ ಅವನು ಕಣಮ್ಮ. ಅಂಥ ಏಟು ತಿಂದೂ ಎದ್ದು ಬಂದ!" ಅಂದು ಗ್ಲಾಸು ಮೇಜಿನ ಮೇಲಿಟ್ಟ.

ದೊಣ್ಣೆ ಕೈಗೆ ಸಿಕ್ಕಿತು, ಬೀಸಿದೆ. ಅವನ ಬೆರಳಿನ ಪಕ್ಕದಲ್ಲೇ ಬಿತ್ತು. ಗ್ಲಾಸು ಪುಡಿಯಾಗಿ ಅವನ ಕೆನ್ನೆಗೆ ಸಿಡಿದು ರಕ್ತ ಬಂತು. ಬೆರಳಿಗೇ ಬಿದ್ದಿದ್ದರೂ ನನಗೆ ಬೇಸರವಾಗುತ್ತಿರಲಿಲ್ಲ.

"ಎದ್ದು ಬಂದಿದ್ದನ್ನ ನೀವೆಲ್ಲ ನೋಡಿದ್ರಿ. ಏಳದೇ ಹೋಗಿದ್ದನ್ನ ನೋಡಿದವಳು ನಾನು" ಅಂದೆ.

ವೆಂಡೆಲ್ ರಕ್ತ ಒರೆಸಿಕೊಳ್ಳಲಿಲ್ಲ. ದೊಣ್ಣೆಯನ್ನೇ ನೋಡುತ್ತ ಕೂತ. "ಇದ್ರಲ್ಲಿ ಎಷ್ಟೋ ಜನಕ್ಕೆ ಬಾರಿಸಿದ್ದೀನಿ ಡಾನಾ. ಎಲ್ರೂ ಎದ್ದು ನಡ್ಕೊಂಡೇ ಹೋದ್ರು. ಮನೆಗೆ ಹೋದ್ಮೇಲೆ ಅವ್ರು ಏನಾದ್ರು ಅಂತ ಯಾವತ್ತೂ ಕೇಳ್ಲಿಲ್ಲ" ಅಂದ. ಬೈಯಲು ಹೋಗಿದ್ದವಳು ದೊಣ್ಣೆಯನ್ನು ಅವನ ಮುಂದಿಟ್ಟೆ. ಕೂಟ ಮುಂದುವರಿಯಬೇಕೋ ಬೇಡವೋ ಎಂಬುದು ಹಾಗೇ ಉಳಿಯಿತು.

ಪುಸ್ತಕವನ್ನು ಮನೆಗೆ ತಂದೆ, ಸುಟ್ಟುಹಾಕೋಣವೆಂದೇ. ಸುಡುವ ಮೊದಲು ಬಿಚ್ಚಿದ್ದು ತಪ್ಪಾಯಿತು. ನಿನ್ನ ಪತ್ತೇದಾರ ಕತ್ತಲ ಮೆಟ್ಟಿಲಲ್ಲಿ ಏಟು ತಿಂದು ಬೀಳುತ್ತಾನೆ. ಪುಟ ತಿರುಗಿಸಿದರೆ ಏಳುತ್ತಾನೆ, ಸಿಗರೇಟು ಹುಡುಕುತ್ತಾನೆ. ಶುದ್ಧ ಸುಳ್ಳು. ಆದರೂ ಬೆಳಗಿನಿಂದ ಆ ಒಂದು ಪುಟವನ್ನೇ ತಿರುಗಿಸುತ್ತಿದ್ದೇನೆ ವಿಂಕೊ. ಪ್ರತಿಸಲವೂ ಏಳುತ್ತಾನೆ.

ನೀನು ಏಳಬೇಡ. ಸಾಕು ನಿನ್ನ ಗಂಡಸುತನ. ದೇವರು ನಿನ್ನ ತಲೆ ನೇವರಿಸಲಿ, ಮಲಗು.

ನಿನ್ನ ಡಾನಾ