ಅಕ್ಕ ಬರುತ್ತಾಳೆಂದು ಹಾಕಿದ ರಜೆ

ರೀ,

ನಿನ್ನೆ ರಾತ್ರಿ ಇಸ್ತ್ರಿ ಪೆಟ್ಟಿಗೆ ಚುಸ್ಸೆಂದ ಸದ್ದಿಗೆ ಎಚ್ಚರವಾಯಿತು. ನನ್ನ ಸೀರೆಗೆ ಇಸ್ತ್ರಿ ಹಾಕುತ್ತಿದ್ದೀರಿ ಎಂದುಕೊಂಡೆ. ಬಾಗಿಲ ಸಂದಿಯಿಂದ ನೋಡಿದರೆ ನಿಮ್ಮ ಹಳೆಯ ಆಫೀಸಿನ ಅಂಗಿ. ಫೋನಿನಲ್ಲಿ ನಿಮ್ಮ ಅಕ್ಕ.

"ನಾಳೆ ಬಾ ಅಕ್ಕ, ನಿನಗೋಸ್ಕರ ರಜಾ ಹಾಕಿದೀನಿ. ಇವಳು ಒಂದು ಲೋಟಾನೂ ತೊಳೆಯಲ್ಲ ಕಣಕ್ಕ. ದುಡಿದು ಬಂದು ಅಡುಗೆನೂ ನಾನೇ ಮಾಡ್ಬೇಕು."

ಕೆಲಸ ಹೋಗಿ ವರ್ಷವಾದವರಿಗೆ ರಜೆ ಕೊಟ್ಟವರು ಯಾರು? ನಾನಂತೂ ಕೊಟ್ಟಿಲ್ಲ. ನಾನು ದುಡಿಯುವುದು, ನೀವು ಮನೆ ನೋಡಿಕೊಳ್ಳುವುದು ಎಂದು ಮಾತಾಗಿತ್ತು.

ಆದ್ದರಿಂದ ಬಟ್ಟೆ ಒಗೆದು ಒಣಹಾಕಿ. ಬಚ್ಚಲು ಉಜ್ಜಿ, ಮೂಲೆಯಲ್ಲಿ ಪಾಚಿ ಕಟ್ಟಿದೆ, ಬೆಳಿಗ್ಗೆ ನೋಡಿದೆ. ಅಂಗಿಯ ತೋಳು ಮಡಚಿಕೊಳ್ಳಿ, ನೆನೆದರೆ ಅಕ್ಕ ಏನೆಂದುಕೊಂಡಾರು!

ಗ್ಯಾಸ್ ಎರಡೆರಡು ಸಲ ನೋಡಿ ಬಂದ್ ಮಾಡಿದ್ದೇನೆ, ನೀವೂ ಒಮ್ಮೆ ನೋಡಿ. ಹೊತ್ತಿಗೆ ಸರಿಯಾಗಿ ಊಟ ಮಾಡಿ. ಖಾಲಿ ಹೊಟ್ಟೆಯಲ್ಲಿ ಹೇಳಿದ ಸುಳ್ಳು ನಿಮಗೇ ಮರೆತುಹೋಗುತ್ತದೆ.

ಸಂಜೆ ನಾನು ಬಂದ ಮೇಲೆ ಅಕ್ಕ ನನಗೆ ಬುದ್ಧಿ ಹೇಳುತ್ತಾರೆ. ತಲೆ ತಗ್ಗಿಸಿ ಕೇಳುತ್ತೇನೆ. ನಿಜ ಹೇಳಿದರೆ ಅವರು ನಿಮ್ಮನ್ನು ಬೈಯುತ್ತಾರೆ, ಆಮೇಲೆ ತಲೆ ಸವರಿ ಸಮಾಧಾನ ಮಾಡುತ್ತಾರೆ. ನಿಮ್ಮ ಎದೆ ಹಗುರವಾಗಿಬಿಡುತ್ತದೆ. ಅದು ನನಗೆ ಬೇಡ. ಅವರು ನಿಮ್ಮನ್ನು ಬಾಯ್ತುಂಬ ಹೊಗಳುತ್ತಿರಲಿ, ನಾನು ಎದುರಿಗೆ ಕೂತು ನಿಮ್ಮ ಮುಖವನ್ನೇ ನೋಡುತ್ತಿರುತ್ತೇನೆ.

ಅಕ್ಕನಿಗೂ ಇಲ್ಲ, ನನ್ನ ಅಮ್ಮನಿಗೂ ಇಲ್ಲ. ಯಾರಿಗೂ ನಾನು ಹೇಳುವುದಿಲ್ಲ.